ಕಡಲು ದಾಟಿ ಬಂದ ದಮಾಮಿ

ಹಾಸನ ಸೀಮೆಯವರಿಗೆ ಚರಿತ್ರೆ ಎಂದರೆ ಕಲ್ಲು. ಗೊರೂರಿನಿಂದ ಹೊಳೆನರಸೀಪುರದ ಕಡೆಗೆ ಹೋಗಲಿ, ಅರಕಲಗೂಡಿನ ಕಡೆಗೆ ಹೋಗಲಿ, ಚನ್ನರಾಯಪಟ್ಟಣದ ಬಯಲಿಗೇ ಹೋಗಲಿ, ಎಲ್ಲಾದರೊಂದು ಕಡೆ ಬಳಪದ ಕಲ್ಲಿನ ಗುಡಿಯೋ ಊರ ಮುಂದಿನ ವೀರಗಲ್ಲೋ ಎದುರಾಗದೆ ಇರದು. 1117ರಲ್ಲಿ ವಿಷ್ಣುವರ್ಧನನು ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ. ಆ ಗುಡಿಯ ನವರಂಗದ ನಡುವೆ ನುಣುಪಾದ ದುಂಡು ಜಗಲಿಯೊಂದು ನರ್ತನಕ್ಕೆ ಸಜ್ಜಾಯಿತು. ಸುತ್ತಲಿನ ಮದನಿಕೆಯರ ಮೈಮೇಲೆ ಅಂದಿನ ಉಡುಗೆ, ಒಡವೆ, ಮುಡಿ, ಗೆಜ್ಜೆ ಎಲ್ಲವೂ ಎಳೆಎಳೆಯಾಗಿ ಮೂಡಿದವು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ಆ ಕಲ್ಲಿನಲ್ಲೇ ಕೊರೆದರು. ಪಟ್ಟದರಸಿ ಶಾಂತಲೆಯ ನಾಟ್ಯಪ್ರೌಢಿಮೆಯನ್ನು ಶಾಸನಗಳು ಹೊಗಳಿದವು. ಸಂಗೀತ, ನೃತ್ಯ, ಉಡುಪು, ವಿನ್ಯಾಸ ಎಲ್ಲವೂ ಒಂದೇ ಮಂಟಪದಲ್ಲಿ ಕೂಡಿದವು. ಒಂಬೈನೂರು ವರ್ಷ ಕಳೆದರೂ ಅವನ್ನು ಕೈಯಿಂದ ಮುಟ್ಟಿ ನೋಡಬಹುದು.

ಆ ಭಾಗ್ಯ ಎಲ್ಲ ಜನರಿಗೂ ಒದಗುವುದಿಲ್ಲ. ಹಡಗಿನ ತಳದಲ್ಲಿ ಸಂಕೋಲೆ ತೊಟ್ಟು ಬಂದವರಿಗೆ ಶಾಸನ ಬರೆಸುವ ಅರಸನಿರಲಿಲ್ಲ, ಹೆಸರು ಕೊರೆಯುವ ಉಳಿಯಿರಲಿಲ್ಲ. ಹಲವರಿಗೆ ತಮ್ಮ ಹೆಸರೇ ಉಳಿಯಲಿಲ್ಲ. ಅಂಥವರು ತಮ್ಮ ಚರಿತ್ರೆಯನ್ನು ತೊಗಲಿನ ಮೇಲೆ ಬಾರಿಸಿಟ್ಟರು, ಹರಿದ ಬಟ್ಟೆಯಲ್ಲಿ ಹೊಲಿದಿಟ್ಟರು, ಕೂದಲಿನಲ್ಲಿ ಹೆಣೆದಿಟ್ಟರು. ಆಫ್ರಿಕದಿಂದ ಹೀಗೆ ಹೊರಟ ಜನರಲ್ಲಿ ಒಂದು ಪಾಲು ಅಟ್ಲಾಂಟಿಕ್ ದಾಟಿ ಜಮೈಕ ಎಂಬ ದ್ವೀಪಕ್ಕೆ ಬಿತ್ತು. ಅಲ್ಲಿ ಅವರ ಮೊಮ್ಮಕ್ಕಳ ಮೊಮ್ಮಕ್ಕಳು ರೆಗ್ಗೆ ಎಂಬ ಸಂಗೀತವನ್ನೂ ಡ್ಯಾನ್ಸ್‌ಹಾಲ್ ಎಂಬ ಕುಣಿತದ ಲೋಕವನ್ನೂ ಕಟ್ಟಿದರು. ಇನ್ನೊಂದು ಪಾಲು ಅರಬ್ಬೀ ಕಡಲು ದಾಟಿ ನಮ್ಮ ಕರಾವಳಿಗೆ ಬಂದು, ಘಟ್ಟ ಹತ್ತಿ, ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಾಡಂಚಿನಲ್ಲಿ ನೆಲೆ ನಿಂತಿತು. ಅವರು ಸಿದ್ದಿಯರು, ಅವರ ವಾದ್ಯ ದಮಾಮಿ. ಮೊದಲಿನವರ ಹಾಡು ಜಗತ್ತಿನ ಮೂಲೆಮೂಲೆಗೂ ಮುಟ್ಟಿತು. ನಮ್ಮ ಹಿತ್ತಿಲಲ್ಲೇ ಇದ್ದವರ ಹಾಡನ್ನು ನಾವು ಬಹುಕಾಲ ಕೇಳಿಸಿಕೊಳ್ಳಲಿಲ್ಲ. ಈ ಎರಡು ಕಥೆಗಳನ್ನು ಒಟ್ಟಿಗೆ ಹೇಳಬೇಕು. ಬಿಡಿಸಿ ಹೇಳಿದರೆ ಎರಡಕ್ಕೂ ಅನ್ಯಾಯವಾಗುತ್ತದೆ.

ದಖ್ಖನದ ಚರಿತ್ರೆಯಲ್ಲಿ ಆಫ್ರಿಕದವರು ಮೊದಲು ಕಾಣಿಸಿಕೊಳ್ಳುವುದು ಸಂಕೋಲೆಯಲ್ಲಲ್ಲ, ಕುದುರೆಯ ಮೇಲೆ. ಬಹಮನಿ ಸುಲ್ತಾನರ ಕಾಲಕ್ಕಾಗಲೇ ಅಬಿಸೀನಿಯದ, ಎಂದರೆ ಇಂದಿನ ಇಥಿಯೋಪಿಯದ, ಯೋಧರು ಇಲ್ಲಿ ಹಬ್ಶಿಗಳೆಂದು ಹೆಸರಾಗಿದ್ದರು. ಕೊಂಡು ತಂದ ಗುಲಾಮರೇ ಆದರೂ ಕತ್ತಿಯ ಬಲದಿಂದ, ಬುದ್ಧಿಯ ಬಲದಿಂದ ಅವರು ಮೇಲೇರಬಹುದಿತ್ತು; ಏರಿದರು ಕೂಡ. ಬಿಜಾಪುರದಲ್ಲಿ ಬಾಲಕನಾಗಿದ್ದ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಪರವಾಗಿ 1582ರಿಂದ ಸುಮಾರು 1590ರವರೆಗೆ ರಾಜ್ಯಭಾರ ನಡೆಸಿದ ದಿಲಾವರ್ ಖಾನ್ ಹಬ್ಶಿ. ಆ ಬಾಲಕ ಬೆಳೆದು ಸಂಗೀತಪ್ರಿಯ ದೊರೆಯಾದ. ನವರಸಗಳನ್ನು ಕುರಿತು ಹಾಡುಗಳ ಗ್ರಂಥವನ್ನೇ ರಚಿಸಿದ. ಅವನ ಮಗ ಮುಹಮ್ಮದ್ ಆದಿಲ್ ಶಾಹನ ಆಸ್ಥಾನದಲ್ಲಿ ಇಖ್ಲಾಸ್ ಖಾನ್ ಎಂಬ ಹಬ್ಶಿ ಮಂತ್ರಿಯಾಗಿ ಮೆರೆದ. ಬಿಜಾಪುರದ ಚಿತ್ರಕಾರರು ಬರೆದ ಕಿರುಚಿತ್ರವೊಂದರಲ್ಲಿ ಸುಲ್ತಾನ ಆನೆಯ ಮೇಲಿದ್ದಾನೆ, ಹಿಂದೆ ಇಖ್ಲಾಸ್ ಖಾನ್ ಕುಳಿತಿದ್ದಾನೆ. ಕಪ್ಪು ಮೈಬಣ್ಣವನ್ನು ಮರೆಮಾಚುವ ಯತ್ನ ಆ ಕುಂಚದಲ್ಲಿ ಎಳ್ಳಷ್ಟೂ ಇಲ್ಲ. ದಖ್ಖನದ ಉಡುಗೆಯ ಗತ್ತನ್ನು ಅರಿಯಬೇಕೆನ್ನುವವರು ಇಖ್ಲಾಸ್ ಖಾನನ ಚಿತ್ರಗಳನ್ನು ನೋಡಲೇಬೇಕು.

ಇವರೆಲ್ಲರಿಗಿಂತ ದೊಡ್ಡ ಹೆಸರು ಮಲಿಕ್ ಅಂಬರನದು. ಸುಮಾರು 1548ರಲ್ಲಿ ಇಥಿಯೋಪಿಯದಲ್ಲಿ ಹುಟ್ಟಿ, ಎಳೆವಯಸ್ಸಿನಲ್ಲೇ ಮಾರಾಟವಾಗಿ, ಕೈಯಿಂದ ಕೈಗೆ ದಾಟಿ ಅರಬ್ ನಾಡಿನ ಮೂಲಕ ಅಹಮದ್‌ನಗರಕ್ಕೆ ಬಂದವನು. ಅಲ್ಲಿ ಅವನನ್ನು ಕೊಂಡ ಪೇಶ್ವೆ ಚಂಗೀಜ್ ಖಾನನೂ ಹಬ್ಶಿಯೇ. ಒಡೆಯ ಸತ್ತ ಮೇಲೆ ಅಂಬರ ಕೆಲಕಾಲ ಬಿಜಾಪುರದ ಸೇನೆಯಲ್ಲೂ ದುಡಿದ. ಮುಂದೆ ನಿಜಾಮಶಾಹಿಯ ಸೂತ್ರಧಾರನಾಗಿ, ಗುಡ್ಡಗಾಡಿನ ಹಠಾತ್ ದಾಳಿಗಳಿಂದ ಮೊಗಲರನ್ನು ಕಾಲು ಶತಮಾನ ಕಾಡಿದ. 1624ರಲ್ಲಿ ಭಾತವಡಿಯಲ್ಲಿ ಮೊಗಲ ಮತ್ತು ಬಿಜಾಪುರದ ಕೂಡುಸೇನೆಯನ್ನು ಮುರಿದ. ಅವನನ್ನು ಗೆಲ್ಲಲಾರದ ಜಹಾಂಗೀರ್ ಚಿತ್ರದಲ್ಲಾದರೂ ಅವನ ರುಂಡಕ್ಕೆ ಬಾಣ ಬಿಡುವಂತೆ ಬರೆಸಿಕೊಂಡ. 1626ರಲ್ಲಿ ಮಲಿಕ್ ಅಂಬರ್ ಮುಪ್ಪಿನಿಂದ ಸತ್ತ, ಸೋಲಿನಿಂದಲ್ಲ. ಮುನ್ನೂರು ವರ್ಷಗಳ ತರುವಾಯ ಜಮೈಕದ ಬಡವರು ತಲೆಯೆತ್ತಿ ನೋಡಿದ್ದು ಇದೇ ಇಥಿಯೋಪಿಯದ ಕಡೆಗೆ. ಆ ಮಾತು ಮುಂದೆ ಬರುತ್ತದೆ.

ಆದರೆ ಇಂದಿನ ಸಿದ್ದಿಯರಲ್ಲಿ ಬಹುಪಾಲು ಜನರ ಹಿರಿಯರು ಆನೆಯ ಮೇಲೆ ಕುಳಿತವರಲ್ಲ. 1510ರಲ್ಲಿ ಅಲ್ಬುಕರ್ಕ್ ಗೋವೆಯನ್ನು ಹಿಡಿದ ಮೇಲೆ ಪೋರ್ಚುಗೀಸರ ಹಡಗುಗಳು ಮೊಜಾಂಬಿಕ್ ಕರಾವಳಿಯಿಂದ ಗಂಡಸರನ್ನೂ ಹೆಂಗಸರನ್ನೂ ಮಕ್ಕಳನ್ನೂ ತುಂಬಿ ತರತೊಡಗಿದವು. 1580ರ ದಶಕದಲ್ಲಿ ಗೋವೆಯಲ್ಲಿದ್ದ ಡಚ್ಚ ಲಿನ್ಸ್‌ಖೋಟೆನ್, ಊರಿನ ಹೆಬ್ಬೀದಿಯಲ್ಲಿ ದನಗಳಂತೆ ಮನುಷ್ಯರು ಹರಾಜಾಗುವುದನ್ನು ಕಂಡು ಬರೆದಿಟ್ಟಿದ್ದಾನೆ. ಪಲ್ಲಕ್ಕಿ ಹೊರಲು, ಕೊಡೆ ಹಿಡಿಯಲು, ನೀರು ಸೇದಲು, ಅಡುಗೆಮನೆಯ ಹೊಗೆಯಲ್ಲಿ ಬೇಯಲು ಒಬ್ಬೊಬ್ಬ ಫಿರಂಗಿಯ ಮನೆಯಲ್ಲೂ ಇಂಥವರ ಗುಂಪು. ಬ್ಯಾಪ್ಟಿಸಂ ಕೊಟ್ಟು ಹೊಸ ಹೆಸರಿಟ್ಟರು. ಹಳೆಯ ಹೆಸರು ಕಡಲಿನಲ್ಲೇ ಉಳಿಯಿತು. ಪೋರ್ಚುಗಲ್ ತನ್ನ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ಕಾನೂನಿನಂತೆ ತೊಡೆದದ್ದು 1869ರಲ್ಲಿ. ಅದಕ್ಕೆ ಮೊದಲೂ, ಅದರ ನಂತರವೂ, ಕಾಲಿಗೆ ಬುದ್ಧಿ ಹೇಳಿದವರಿಗೆ ಒಂದೇ ದಿಕ್ಕು ಕಾಣುತ್ತಿತ್ತು: ಮೂಡಣ. ಗೋವೆಯಿಂದ ಮೂಡಣಕ್ಕೆ ಸಹ್ಯಾದ್ರಿ. ಕಾಳಿ ನದಿಯ ಕಣಿವೆ, ಹುಲಿಯಿದ್ದ ಕಾಡು, ಬೆನ್ನಟ್ಟುವವರ ಕುದುರೆ ಏರಲಾರದ ಇಳಿಜಾರು. ಅಲ್ಲಿ ಅವರು ಬದುಕಿದರು.

ಇದೇ ಕಾಲದಲ್ಲಿ ಭೂಗೋಲದ ಇನ್ನೊಂದು ಬದಿಯಲ್ಲಿ ಇದೇ ಕಥೆ ನಡೆಯುತ್ತಿತ್ತು. 1655ರಲ್ಲಿ ಇಂಗ್ಲಿಷರು ಸ್ಪೇನಿನವರ ಕೈಯಿಂದ ಜಮೈಕವನ್ನು ಕಸಿದುಕೊಂಡರು. ಕಬ್ಬು ನೆಟ್ಟರು, ಕಬ್ಬಿಗಾಗಿ ಪಶ್ಚಿಮ ಆಫ್ರಿಕದಿಂದ ಲಕ್ಷಾಂತರ ಜನರನ್ನು ಹಿಡಿದು ತಂದರು. ಆ ಜನರನ್ನು ಕೊಳ್ಳಲು ಆಫ್ರಿಕದ ಕರಾವಳಿಯಲ್ಲಿ ಕೊಟ್ಟ ಸರಕುಗಳಲ್ಲಿ ನಮ್ಮ ಕೋರಮಂಡಲ ತೀರದ ನೇಕಾರರು ನೆಯ್ದ ಹತ್ತಿಯ ಬಟ್ಟೆಯೂ ಇತ್ತು ಎಂಬುದನ್ನು ನಾವು ನೆನಪಿಡಬೇಕು. ತೋಟದ ಗುಲಾಮರಿಗೆ ಉಡಲು ವರ್ಷಕ್ಕೆ ಇಷ್ಟು ಗಜವೆಂದು ಅಳೆದು ಕೊಡುತ್ತಿದ್ದುದು ಗೋಣಿಯಷ್ಟು ಒರಟಾದ ನಾರಿನ ಬಟ್ಟೆ. ಹಬ್ಬಕ್ಕೆ, ಸಂತೆಗೆ ಹೆಂಗಸರು ತಲೆಗೆ ಸುತ್ತಿಕೊಂಡದ್ದು ಮಾತ್ರ ಮದರಾಸಿನಿಂದ ಬಂದ ಚೌಕಳಿಯ ಕರವಸ್ತ್ರ. ಆ ಕೆಂಪು ಬಿಳಿ ಚೌಕಳಿಯೇ ಇಂದು ಜಮೈಕದ ರಾಷ್ಟ್ರೀಯ ಉಡುಪು. ಎರಡು ಕಡಲುಗಳ ನಡುವೆ ನೂಲಿನ ಗಂಟು ಅಷ್ಟು ಹಿಂದೆಯೇ ಬಿದ್ದಿತ್ತು.

ಜಮೈಕದಲ್ಲಿಯೂ ತಪ್ಪಿಸಿಕೊಂಡವರು ಬೆಟ್ಟ ಹತ್ತಿದರು. ಮರೂನರೆಂಬ ಹೆಸರಿನಿಂದ ನೀಲಿ ಬೆಟ್ಟಗಳಲ್ಲೂ ಸುಣ್ಣಕಲ್ಲಿನ ಕಂದರಗಳಲ್ಲೂ ಊರು ಕಟ್ಟಿ, ಆಬೆಂಗ್ ಎಂಬ ಕೊಂಬೂದಿ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುತ್ತ, ಇಂಗ್ಲಿಷರ ಸೇನೆಯನ್ನು ದಣಿಸಿದರು. ಪಡುವಣದ ಮರೂನರ ನಾಯಕ ಕಜೋ. ಮೂಡಣದವರಿಗೆ ನ್ಯಾನಿ ಎಂಬ ತಾಯಿ. 1739ರಲ್ಲಿ ಬ್ರಿಟಿಷರು ಕಜೋವಿನೊಡನೆ ಒಪ್ಪಂದ ಮಾಡಿಕೊಂಡು ಅವರ ಸ್ವಾತಂತ್ರ್ಯವನ್ನೂ ನೆಲವನ್ನೂ ಮಾನ್ಯ ಮಾಡಿದರು. ಮುಂದೆ ಓಡಿಬರುವ ಗುಲಾಮರನ್ನು ಹಿಡಿದೊಪ್ಪಿಸಬೇಕೆಂಬ ಕಹಿಯಾದ ಷರತ್ತೂ ಅದರಲ್ಲಿತ್ತು. ವೀರರ ಕಥೆ ಹೇಳುವಾಗ ಅದನ್ನು ಬಿಟ್ಟು ಹೇಳುವುದು ಸಲ್ಲದು. ಅಂಥ ಒಪ್ಪಂದ ನಮ್ಮ ಸಿದ್ದಿಯರಿಗೆ ಸಿಗಲಿಲ್ಲ. ಕಾಡಿನಲ್ಲಿ ಸ್ವತಂತ್ರರಾದವರು ಕಾಲಾಂತರದಲ್ಲಿ ಅಡಿಕೆ ತೋಟಗಳ, ಗದ್ದೆಗಳ ಒಡೆಯರ ಬಳಿ ಕೂಲಿಯಾಳುಗಳಾದರು, ಜೀತಕ್ಕೂ ಬಿದ್ದರು.

1760ರಲ್ಲಿ ಜಮೈಕದಲ್ಲಿ ಟ್ಯಾಕಿ ಎಂಬವನ ಮುಂದಾಳುತನದಲ್ಲಿ ದೊಡ್ಡ ದಂಗೆ ಎದ್ದಿತು. ಅದನ್ನು ಅಡಗಿಸಿದ ಮೇಲೆ ತೋಟದ ಒಡೆಯರ ಸಭೆ ತಂದ ಕಾನೂನುಗಳಲ್ಲಿ ಗುಲಾಮರು ಕೂಟ ಸೇರುವುದು, ನಗಾರಿ ಬಾರಿಸುವುದು, ಕೊಂಬೂದುವುದು ಅಪರಾಧವಾಯಿತು. ಒಡೆಯರಿಗೆ ನಗಾರಿಯ ಅರ್ಥ ಗೊತ್ತಿತ್ತು. ಬಾಯಿಗೆ ಬೀಗ ಬಿದ್ದವರ ನಾಲಗೆ ಅದು. ಒಂದು ತೋಟದ ಮಾತನ್ನು ಹತ್ತು ತೋಟಗಳಿಗೆ ಅದು ಒಂದೇ ರಾತ್ರಿಯಲ್ಲಿ ಮುಟ್ಟಿಸಬಲ್ಲುದು. ಆದರೂ ನಗಾರಿ ಸಾಯಲಿಲ್ಲ. 1838ರಲ್ಲಿ ಪೂರ್ಣ ಬಿಡುಗಡೆ ಬಂದಾಗ ಬೆಟ್ಟಗಳ ಮರೆಯಿಂದ ಅದು ಹೊರಗೆ ಬಂತು.

ಬಿಡುಗಡೆಯಾದವರು ಕಬ್ಬಿನ ಗದ್ದೆಗೆ ಹೋಗಲೊಲ್ಲದಾದಾಗ ಒಡೆಯರು ಭಾರತದತ್ತ ಕೈ ಚಾಚಿದರು. 1845ರ ಮೇ 10ರಂದು ಬ್ಲಂಡೆಲ್ ಎಂಬ ಹಡಗು ಇನ್ನೂರ ಅರವತ್ತಕ್ಕೂ ಹೆಚ್ಚು ಭಾರತೀಯ ಕೂಲಿಗಳನ್ನು ಹೊತ್ತು ಜಮೈಕದ ಓಲ್ಡ್ ಹಾರ್ಬರ್ ಬೇಗೆ ತಲುಪಿತು. 1917ರವರೆಗೆ ಬಂದವರು ಸುಮಾರು ಮೂವತ್ತಾರು ಸಾವಿರ. ಕರಾರಿನ ಕೂಲಿಗಳೆಂದು ಹೆಸರು. ಬಾಳು ಗುಲಾಮರದಕ್ಕಿಂತ ಹೆಚ್ಚು ಬೇರೆಯಾಗಿರಲಿಲ್ಲ. ತಮ್ಮ ಜೊತೆ ಅವರು ಗಾಂಜಾ ಗಿಡವನ್ನು ತಂದರು, ಸಾರಿನ ಮಸಾಲೆಯನ್ನು ತಂದರು, ಮೊಹರಮ್ಮಿನ ತಾಬೂತನ್ನೂ ಅದರ ತಾಸೆಯನ್ನೂ ತಂದರು. ಒಂದೇ ತೋಟದ ಲಾಯದ ಮನೆಗಳಲ್ಲಿ ಆಫ್ರಿಕದ ಮೊಮ್ಮಕ್ಕಳೂ ಭಾರತದ ಕೂಲಿಗಳೂ ಅಕ್ಕಪಕ್ಕ ಒಲೆ ಹಚ್ಚಿದರು.

ಈ ನೆರೆಹೊರೆಯಿಂದ ಹುಟ್ಟಿದ ಒಂದು ವಿಚಿತ್ರ ಸಂಗತಿಯನ್ನು ಹೇಳಬೇಕು. 1930ರ ನವೆಂಬರ್ 2ರಂದು ಇಥಿಯೋಪಿಯದಲ್ಲಿ ರಾಸ್ ತಫಾರಿ ಎಂಬ ರಾಜಕುಮಾರ ಹೈಲೆ ಸೆಲಾಸಿ ಎಂಬ ಹೆಸರಿನಿಂದ ಚಕ್ರವರ್ತಿಯಾಗಿ ಪಟ್ಟವೇರಿದ. ಲೋಕದಲ್ಲೆಲ್ಲ ಕರಿಯರು ಬಿಳಿಯರ ಆಳ್ವಿಕೆಯಲ್ಲಿ ನರಳುತ್ತಿದ್ದಾಗ ಕಿರೀಟ ತೊಟ್ಟ ಒಬ್ಬ ಕರಿಯ ದೊರೆ! ಮಾರ್ಕಸ್ ಗಾರ್ವಿ ಎಂಬ ಕರಿಯರ ನಾಯಕನ ಮಾತುಗಳಿಂದ ಆಗಲೇ ಎಚ್ಚೆತ್ತಿದ್ದ ಜಮೈಕದ ಬಡವರು ಅವನಲ್ಲಿ ದೇವರನ್ನೇ ಕಂಡರು. ಹೀಗೆ ಹುಟ್ಟಿದ ರಾಸ್ತಫಾರಿ ಮತದ ಮೊದಲ ಪ್ರಚಾರಕ ಲಿಯೊನಾರ್ಡ್ ಹೋವೆಲ್. ಚಕ್ರವರ್ತಿಯ ಪಟವನ್ನು ಜನರಿಗೆ ಮಾರುತ್ತ, ಬ್ರಿಟಿಷ್ ದೊರೆಗೆ ನಿಷ್ಠೆ ಬೇಡವೆಂದು ಸಾರುತ್ತ ರಾಜದ್ರೋಹದ ಆರೋಪಕ್ಕೆ ಗುರಿಯಾಗಿ ಸೆರೆಮನೆ ಸೇರಿದ. ಅವನು ತನ್ನ ಗ್ರಂಥಕ್ಕೆ ಇಟ್ಟುಕೊಂಡ ಅಂಕಿತ ಜಿ. ಜಿ. ಮರಾಗ್, ಬಿಡಿಸಿದರೆ ಗಂಗುಂಗುರು ಮರಾಗ್. ಭಾರತೀಯ ಕೂಲಿಗಳ ಬಾಯಿಯಿಂದ ಕೇಳಿದ ಗುರು, ಮಹಾರಾಜ ಎಂಬ ಮಾತುಗಳು ಆ ಹೆಸರಿನಲ್ಲಿ ಉಸಿರಾಡುತ್ತಿವೆ. 1940ರಲ್ಲಿ ಅವನು ಸ್ಲೈಗೋವಿಲ್ ಬೆಟ್ಟದ ಮೇಲೆ ಪಿನಕಲ್ ಎಂಬ ನೆಲೆ ಕಟ್ಟಿದ. ಅಲ್ಲಿ ಅವನ ಅನುಯಾಯಿಗಳು ಬೇಸಾಯ ಮಾಡಿದರು, ಹಾಡಿದರು, ನಗಾರಿ ಬಾರಿಸಿದರು. ಪೊಲೀಸರು ಮತ್ತೆ ಮತ್ತೆ ನುಗ್ಗಿ 1954ರಲ್ಲಿ ಅದನ್ನು ಪೂರ್ತಿ ಕೆಡವಿದರು. ಕೆಡವಿದ್ದರಿಂದ ಆದದ್ದು ಇಷ್ಟೇ: ಬೆಟ್ಟದ ಮೇಲಿದ್ದ ರಾಸ್ತಫಾರಿಗಳು ಕಿಂಗ್‌ಸ್ಟನ್ ನಗರದ ಕೊಳೆಗೇರಿಗಳಿಗೆ ಇಳಿದುಬಂದರು, ಅವರ ಬೆನ್ನ ಹಿಂದೆ ನಗಾರಿಯೂ ಇಳಿಯಿತು.

ಅವರ ಜಡೆಯ ಮೂಲದ ಬಗ್ಗೆ ವಿದ್ವಾಂಸರಲ್ಲಿ ವಾದವಿದೆ. ಭಾರತೀಯ ಸಾಧುಗಳ ಜಟೆ ಎನ್ನುವವರಿದ್ದಾರೆ. ಕೆನ್ಯದ ಮೌ ಮೌ ಹೋರಾಟಗಾರರ ಪಟ ನೋಡಿ ಬೆಳೆಸಿದ್ದು ಎನ್ನುವವರಿದ್ದಾರೆ. ಬೈಬಲಿನ ವ್ರತವೆನ್ನುವವರೂ ಇದ್ದಾರೆ. ಮೂಲ ಯಾವುದೇ ಇರಲಿ, ಜಡೆ ಬೆಳೆಸಿದವರು ತೆತ್ತ ಬೆಲೆಯಲ್ಲಿ ವಾದವಿಲ್ಲ. ಕೆಲಸ ಕೊಡುತ್ತಿರಲಿಲ್ಲ, ಶಾಲೆಗೆ ಸೇರಿಸುತ್ತಿರಲಿಲ್ಲ. 1963ರಲ್ಲಿ ಕೋರಲ್ ಗಾರ್ಡನ್ಸ್ ಗಲಭೆಯ ನೆಪದಲ್ಲಿ ಪೊಲೀಸರು ಕಂಡಕಂಡ ರಾಸ್ತಫಾರಿಗಳನ್ನು ಹಿಡಿದು ಬಡಿದರು, ಜಡೆ ಕತ್ತರಿಸಿದರು. ಸರ್ಕಾರ ಅದಕ್ಕೆ ಕ್ಷಮೆ ಕೇಳಿದ್ದು 2017ರಲ್ಲಿ. ಈಗ ಬೆಂಗಳೂರಿನ ಬೀದಿಗಳಲ್ಲಿ ಕೆಂಪು, ಹಳದಿ, ಹಸಿರಿನ ಉಣ್ಣೆಯ ಟೊಪ್ಪಿಗೆ ಹಾಕಿಕೊಂಡು ಓಡಾಡುವ ಹುಡುಗರು ಇದನ್ನು ತಿಳಿದಿರಬೇಕು: ಅದು ಇಥಿಯೋಪಿಯದ ಬಾವುಟದ ಬಣ್ಣ, ಆ ಟೊಪ್ಪಿಗೆಯೊಳಗಿನ ಕೂದಲಿಗಾಗಿ ಜನ ಏಟು ತಿಂದಿದ್ದಾರೆ.

ಕಿಂಗ್‌ಸ್ಟನ್ನಿನಲ್ಲಿ ಆ ಹೊತ್ತಿಗೆ ಇನ್ನೊಂದು ಸಂಗತಿ ಮೊಳೆತಿತ್ತು. ವಾದ್ಯಗೋಷ್ಠಿಗಳ ಟಿಕೆಟ್ಟು ಬಡವರ ಕೈಗೆ ಎಟುಕುತ್ತಿರಲಿಲ್ಲ. 1950ರ ದಶಕದಲ್ಲಿ ಕೆಲವು ಅಂಗಡಿಕಾರರು ಬಡಗಿಗಳಿಂದ ಆಳೆತ್ತರದ ಮರದ ಪೆಟ್ಟಿಗೆಗಳನ್ನು ಮಾಡಿಸಿ, ಅದರೊಳಗೆ ಸ್ಪೀಕರ್ ಕೂಡಿಸಿ, ಬಯಲಿನಲ್ಲಿ ನಿಲ್ಲಿಸಿ, ಅಮೆರಿಕದ ಹಾಡಿನ ತಟ್ಟೆಗಳನ್ನು ಹಾಕತೊಡಗಿದರು. ಇವೇ ಸೌಂಡ್ ಸಿಸ್ಟಂಗಳು. ಅವು ನಿಂತ ಅಂಗಳವೇ ಡ್ಯಾನ್ಸ್‌ಹಾಲ್. ಗೋಡೆಯಿಲ್ಲದಿದ್ದರೂ, ಮಾಡಿಲ್ಲದಿದ್ದರೂ ಅದು ಹಾಲೇ. ಟಾಮ್ ದಿ ಗ್ರೇಟ್ ಸೆಬಾಸ್ಟಿಯನ್, ಡ್ಯೂಕ್ ರೀಡ್, ಕಾಕ್ಸನ್ ಡಾಡ್ ಆ ಕಾಲದ ಬಿರುದಾಂಕಿತರು. ಒಬ್ಬನ ಬಳಿಯಿರುವ ತಟ್ಟೆ ಇನ್ನೊಬ್ಬನಿಗೆ ಗೊತ್ತಾಗಬಾರದೆಂದು ನಡುವಿನ ಹೆಸರಚೀಟಿಯನ್ನು ಕೆರೆದು ಹಾಕುತ್ತಿದ್ದರು. ಹಾಡು ಯಾವುದೆಂದು ತಿಳಿಯದೆ ಎದುರಾಳಿ ತಿಂಗಳುಗಟ್ಟಲೆ ತಡಕಾಡುತ್ತಿದ್ದ. ತಟ್ಟೆ ತಿರುಗುತ್ತಿದ್ದಂತೆ ಮೈಕು ಹಿಡಿದವನು ತಾಳಕ್ಕೆ ತಕ್ಕಂತೆ ಮಾತು ಪೋಣಿಸುತ್ತಿದ್ದ. ಕೌಂಟ್ ಮಚುಕಿ ಆ ಕಲೆಯ ಹಿರಿಯ.

ಅಮೆರಿಕದ ತಟ್ಟೆಗಳ ರುಚಿ ಬದಲಾದಾಗ ಜಮೈಕದವರು ತಮ್ಮ ಹಾಡನ್ನು ತಾವೇ ಮಾಡಿಕೊಂಡರು. 1960ರ ಸುಮಾರಿಗೆ ಹಾಡುಗಾರ ಪ್ರಿನ್ಸ್ ಬಸ್ಟರ್, ಬೆಟ್ಟದ ಬಳಿ ನಗಾರಿ ಬಾರಿಸುತ್ತಿದ್ದ ಕೌಂಟ್ ಆಸಿ ಎಂಬ ರಾಸ್ತಫಾರಿಯನ್ನು ಹುಡುಕಿಕೊಂಡು ಹೋಗಿ ಧ್ವನಿಮುದ್ರಣದ ಕೋಣೆಗೆ ಕರೆತಂದ. ಗುಡುಗುವ ಬಾಸ್, ನಡಿಗೆ ಹಿಡಿಯುವ ಫುಂಡೆ, ಮಾತಾಡುವ ರಿಪೀಟರ್ ಎಂಬ ಮೂರು ನಗಾರಿಗಳು ಮೊದಲ ಬಾರಿಗೆ ತಟ್ಟೆಯ ಮೇಲೆ ಕೇಳಿದವು. ನನ್ನ ಮಟ್ಟಿಗೆ ಈ ಇಡೀ ಕಥನದ ನೆತ್ತಿ ಇದೇ. ಇನ್ನೂರು ವರ್ಷ ಹಿಂದೆ ಕಾನೂನು ಮಾಡಿ ಅಡಗಿಸಹೊರಟ ಸದ್ದು ಅಂಗಡಿಯಲ್ಲಿ ಮಾರಾಟಕ್ಕೆ ಬಂತು. 1962ರ ಆಗಸ್ಟ್ 6ರಂದು ದೇಶ ಸ್ವತಂತ್ರವಾದಾಗ ಕುಣಿದದ್ದು ಸ್ಕಾ ಎಂಬ ಚುರುಕಿನ ತಾಳಕ್ಕೆ. ಅದು ನಿಧಾನವಾಗಿ ರಾಕ್‌ಸ್ಟೆಡಿಯಾಗಿ, 1968ರ ಹೊತ್ತಿಗೆ ರೆಗ್ಗೆ ಎಂಬ ಹೆಸರು ಹೊತ್ತಿತು. ರೆಗ್ಗೆಯಲ್ಲಿ ಮೊದಲ ಪೆಟ್ಟನ್ನು ಬಿಟ್ಟು ಮೂರನೆಯದರ ಮೇಲೆ ಭಾರ ಹಾಕುವ ಒಂದು ನಡೆಯಿದೆ. ಕೇಳುಗನ ಕಾಲು ಊರಬೇಕಾದಲ್ಲಿ ನೆಲವೇ ಇಲ್ಲ. ಆ ಖಾಲಿಯನ್ನು ತನ್ನ ಮೈಯಿಂದಲೇ ತುಂಬಬೇಕು. ಕುಣಿಯದೆ ಕೂರುವುದು ಕಷ್ಟವಾಗುವುದು ಅದರಿಂದಲೇ.

ರೆಗ್ಗೆ ಹಾಡುಗಾರ ಬಾಬ್ ಮಾರ್ಲಿಯ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಇಲ್ಲಿ ಬೆಳೆಸುವುದಿಲ್ಲ. 1980ರ ಏಪ್ರಿಲ್‌ನಲ್ಲಿ ಜಿಂಬಾಬ್ವೆ ಸ್ವತಂತ್ರವಾದ ರಾತ್ರಿ ಬ್ರಿಟಿಷರ ಬಾವುಟ ಇಳಿದ ಮೈದಾನದಲ್ಲಿ ಹಾಡಿದ್ದು ಅವನು ಎಂಬುದಷ್ಟು ಸಾಕು. ಆಫ್ರಿಕದಿಂದ ಹೊರಟ ನಗಾರಿ ಆ ರಾತ್ರಿ ಆಫ್ರಿಕಕ್ಕೆ ಮರಳಿತು. ಮರುವರ್ಷ ಮೇ 11ರಂದು, ಮೂವತ್ತಾರನೆಯ ವಯಸ್ಸಿಗೆ, ಅವನು ತೀರಿಕೊಂಡ.

ಅವನ ನಂತರದ ಹತ್ತು ಹದಿನೈದು ವರ್ಷ ಡ್ಯಾನ್ಸ್‌ಹಾಲಿನದು. 1985ರಲ್ಲಿ ವೇಯ್ನ್ ಸ್ಮಿತ್ ಹಾಡಿ ಕಿಂಗ್ ಜಾಮಿ ಹೊರತಂದ ಒಂದು ಹಾಡಿನ ತಾಳವೆಲ್ಲ ಮಕ್ಕಳ ಆಟಿಕೆಯಷ್ಟು ಸಣ್ಣ ಕ್ಯಾಸಿಯೊ ಕೀಬೋರ್ಡಿನಿಂದ ಬಂತು. ಸಂಗೀತ ಮಾಡಲು ಇನ್ನು ವಾದ್ಯಗೋಷ್ಠಿ ಬೇಕಿಲ್ಲವೆಂದಾಯಿತು. ಲಿಮೋನಿಯಸ್ ಎಂಬ ಚಿತ್ರಕಾರ ತಟ್ಟೆಯ ಹೊದಿಕೆಗಳ ಮೇಲೆ ಕಣ್ಣು ಹೊರಚಾಚಿದ, ಹಲ್ಲು ಕಿಸಿದ, ಮೈ ಬಾಗಿಸಿದ ಬೀದಿಯ ಜನರನ್ನೇ ಬರೆದ. ಮೂಲೆಮೂಲೆಯಲ್ಲೂ ಆಡುಮಾತಿನ ಚಟಾಕಿ ಬರೆದ. ಉಡುಪಿನಲ್ಲಿ ರಾಣಿಯರು ಹೆಂಗಸರು. ಹಗಲೆಲ್ಲ ಯಾರದೋ ಮನೆಯ ನೆಲ ಒರೆಸಿದವಳು ರಾತ್ರಿ ತಾನೇ ಕತ್ತರಿಸಿ ಹೊಲಿದ ಮಿಂಚುಬಟ್ಟೆ ತೊಟ್ಟು, ನೀಲಿಯೋ ಕಿತ್ತಳೆಯೋ ಬಣ್ಣದ ಟೋಪನ್ನು ಮುಡಿದು ಅಂಗಳದ ನಡುವೆ ನಿಲ್ಲುತ್ತಿದ್ದಳು. 1992ರಲ್ಲಿ ಕಾರ್ಲೀನ್ ಸ್ಮಿತ್ ಡ್ಯಾನ್ಸ್‌ಹಾಲ್ ರಾಣಿಯೆಂದು ಹೆಸರಾದಳು. ಸಭ್ಯರೆನಿಸಿಕೊಂಡವರು ಅಶ್ಲೀಲವೆಂದರು. ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಕ್ಯಾರೊಲಿನ್ ಕೂಪರ್ ಅದರಲ್ಲಿ ತುಳಿತಕ್ಕೊಳಗಾದ ಹೆಂಗಸರ ಸ್ವಾಭಿಮಾನವನ್ನು ಕಂಡು ಬರೆದರು. ಕೂಪರ್ ಅವರ ಮಾತು ನನಗೆ ಒಪ್ಪಿಗೆ. ಆ ಲೋಕದ ಕೆಲವು ಹಾಡುಗಳಲ್ಲಿ ಬಂದೂಕಿನ ಹೊಗಳಿಕೆಯೂ ಸಲಿಂಗಿಗಳ ಮೇಲಿನ ದ್ವೇಷವೂ ಇದ್ದದ್ದು ನಿಜ. ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಇದಕ್ಕೆಲ್ಲ ಮೊದಲೇ, ಕಿಂಗ್‌ಸ್ಟನ್ನಿನಲ್ಲಿ ಹುಟ್ಟಿದ ಕೂಲ್ ಹರ್ಕ್ ಎಂಬ ಯುವಕ 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ ಸೌಂಡ್ ಸಿಸ್ಟಂ ಹೂಡಿದ್ದರಿಂದ ಹಿಪ್‌ಹಾಪ್ ಹುಟ್ಟಿತು. 2018ರಲ್ಲಿ ಯುನೆಸ್ಕೊ ರೆಗ್ಗೆಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಈಗ ಯಲ್ಲಾಪುರದ ಕಾಡಂಚಿಗೆ ಬರೋಣ. ಇಲ್ಲಿ ಸೌಂಡ್ ಸಿಸ್ಟಂ ಹೂಡಿದ ಅಂಗಡಿಕಾರನಿರಲಿಲ್ಲ, ತಟ್ಟೆ ಒತ್ತುವ ಕಾರ್ಖಾನೆಯಿರಲಿಲ್ಲ. ಟೊಳ್ಳು ಮಾಡಿದ ಮರದ ಬೊಡ್ಡೆಯ ಬಾಯಿಗೆ ತೊಗಲು ಬಿಗಿದ ದಮಾಮಿ ಇತ್ತು. ಕೊಯ್ಲು ಮುಗಿದ ಮೇಲೆ, ಮದುವೆಯಲ್ಲಿ, ಹೋಳಿಯಲ್ಲಿ, ಹಿರಿಯರ ಪೂಜೆಯಲ್ಲಿ ಅದನ್ನು ನಡುವೆ ಇಟ್ಟು ಗಂಡಸರು ಬಾರಿಸುತ್ತಿದ್ದರು. ಹೆಂಗಸರು ಸುತ್ತ ಹಾಡುತ್ತ ಕುಣಿಯುತ್ತಿದ್ದರು. ಹೆಂಗಸರೇ ಜೋಡಿಜೋಡಿಯಾಗಿ ಸುತ್ತುವ ಪುಗಡಿಯೂ ಇತ್ತು. ಆಫ್ರಿಕದ ನುಡಿ ಬಹುಪಾಲು ಅಳಿದು, ಕೊಂಕಣಿ, ಮರಾಠಿ, ಕನ್ನಡ ಬೆರೆತ ಮಾತು ಅವರ ಮನೆಮಾತಾಗಿದೆ. ಧರ್ಮವೂ ಮೂರಾಗಿ ಒಡೆದಿದೆ: ಹಿಂದೂ ಸಿದ್ದಿಯರು, ಮುಸಲ್ಮಾನ ಸಿದ್ದಿಯರು, ಕ್ರೈಸ್ತ ಸಿದ್ದಿಯರು. ಆದರೆ ದಮಾಮಿಯ ಸುತ್ತ ನಿಂತಾಗ ಆ ಮೂರರ ಗೋಡೆ ನಿಲ್ಲುವುದಿಲ್ಲ. ಹಲವು ಹಿಂದೂ ಸಿದ್ದಿ ಮನೆಗಳಲ್ಲಿ ಹಿರಿಯರನ್ನು ತೆಂಗಿನಕಾಯಿಯ ರೂಪದಲ್ಲಿಟ್ಟು ಪೂಜಿಸುತ್ತಾರೆ. ಹೆಸರು ಮರೆತುಹೋದ ಹಿರಿಯರಿಗೂ ಅಲ್ಲಿ ಒಂದು ಪೀಠವುಂಟು.

ಅವರ ಕೌದಿಯನ್ನು ಹತ್ತಿರದಿಂದ ನೋಡಬೇಕು. ಸಿದ್ದಿ ಹೆಂಗಸು ಹಳೆಯ ಸೀರೆಯನ್ನು ನೆಲದ ಮೇಲೆ ಹಾಸಿ ಒಂದು ಮೂಲೆಯಿಂದ ಹೊಲಿಯತೊಡಗುತ್ತಾಳೆ. ಮೊದಲು ನಕ್ಷೆ ಬರೆಯುವುದಿಲ್ಲ, ತುಂಡುಗಳನ್ನು ಜೋಡಿಸಿಟ್ಟು ನೋಡುವುದೂ ಇಲ್ಲ. ಗಂಡನ ಅಂಗಿ, ಮಗ ಬಿಟ್ಟ ಚಡ್ಡಿ, ಮಗಳ ಲಂಗ, ಕೈಗೆ ಸಿಕ್ಕ ತುಂಡನ್ನು ಅಂಚು ಮಡಚಿ ಇಟ್ಟು, ಎಲ್ಲ ಪದರಗಳನ್ನೂ ಹಾಯುವಂತೆ ಸಣ್ಣ ಸಣ್ಣ ಹೊಲಿಗೆ ಹಾಕುತ್ತ ಅಂಚಿನುದ್ದಕ್ಕೂ ಸಾಗಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾಳೆ. ಕೆಂಪಿನ ಪಕ್ಕ ಹಳದಿ, ಹೂವಿನ ಪಕ್ಕ ಗೆರೆ. ತಾಳದ ಮೇಲೆ ತಾಳ ಬೀಳುವಂತೆ ಬಣ್ಣದ ಮೇಲೆ ಬಣ್ಣ. ಕೊನೆಗೆ ನಾಲ್ಕು ಮೂಲೆಗಳಿಗೂ ಮಡಚಿದ ತ್ರಿಕೋನದ ತುಂಡುಗಳನ್ನು ಕೂಡಿಸಬೇಕು. ಅದಕ್ಕೆ ಅವರು ಫೂಲ, ಎಂದರೆ ಹೂವು, ಎನ್ನುತ್ತಾರೆ. ಫೂಲ ಇಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ಕ್ರೈಸ್ತ ಹೆಂಗಸರು ಒಮ್ಮೊಮ್ಮೆ ಶಿಲುಬೆಯನ್ನೂ ಮುಸಲ್ಮಾನ ಹೆಂಗಸರು ಚಂದ್ರವನ್ನೂ ಕೂಡಿಸುತ್ತಾರೆ. 2004ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ನೆರವಿನಿಂದ ಸಿದ್ದಿ ಹೆಂಗಸರ ಕೌದಿ ಸಹಕಾರ ಸಂಘ ಹುಟ್ಟಿತು, ಈ ಕೌದಿಗಳು ಹೊರದೇಶದ ಪ್ರದರ್ಶನಗಳನ್ನು ಕಂಡವು. ಅವುಗಳ ಬೆಲೆ ತಿಳಿಯಲು ಹೊರಗಿನ ಕಣ್ಣು ಬೇಕಾಯಿತೆಂಬುದು ನಮಗೆ ಹೆಮ್ಮೆಯ ವಿಷಯವಲ್ಲ.

ಕನ್ನಡ ನಾಡು ಪೂರ್ತಿ ಕಿವುಡಾಗಿತ್ತು ಎನ್ನಲಾರೆ. 1976ರಲ್ಲಿ ಟಿ. ಸಿ. ಪಾಲಾಕ್ಷಪ್ಪನವರು ಉತ್ತರ ಕನ್ನಡದ ಸಿದ್ದಿಯರ ಮೇಲೆ ಗ್ರಂಥ ಬರೆದರು. 1980ರ ದಶಕದಲ್ಲಿ ರಂಗನಿರ್ದೇಶಕ ಚಿದಂಬರರಾವ್ ಜಂಬೆಯವರು ಮಂಚಿಕೇರಿಯ ಸಿದ್ದಿಯರಿಂದಲೇ ನೈಜೀರಿಯದ ಚಿನುವ ಅಚೆಬೆಯ ಕಾದಂಬರಿಯನ್ನು ನಾಟಕವಾಗಿ ಆಡಿಸಿದರು. ಅದೊಂದು ದೊಡ್ಡ ಗಳಿಗೆ: ಆಫ್ರಿಕದ ಊರೊಂದು ಬಿರುಕು ಬಿಟ್ಟ ಕಥೆಯನ್ನು ಆಫ್ರಿಕದಿಂದ ಬೇರು ಕಿತ್ತು ಬಂದವರ ಮಕ್ಕಳು ಕನ್ನಡದಲ್ಲಿ ನುಡಿದರು. ನೀನಾಸಂ ರಂಗಸಂಸ್ಥೆಯ ಹಾದಿಯಲ್ಲಿ ಬೆಳೆದ ಗಿರಿಜಾ ಸಿದ್ದಿ, ಗೀತಾ ಸಿದ್ದಿ ರಂಗಕ್ಕೂ ಹಾಡಿಗೂ ಹೆಸರಾದರು. 2021ರ ‘ಸಲಗ’ ಚಿತ್ರದಲ್ಲಿ ಸಿದ್ದಿಯರ ಹಾಡು ಮೊಳಗಿದಾಗ ನಾಡಿನ ಹುಡುಗರೆಲ್ಲ ಅದಕ್ಕೆ ಕುಣಿದರು.

ಆದರೆ ಉತ್ಸವಗಳ ವೇದಿಕೆ ಹತ್ತಿಸುವಾಗ ಅವರಿಗೆ ಸೊಪ್ಪು ಉಡಿಸಿ, ಮುಖಕ್ಕೆ ಬಿಳಿಯ ಬೊಟ್ಟಿಟ್ಟು, ಕಾಡುಮನುಷ್ಯರಂತೆ ಕುಣಿಸುವ ಚಾಳಿಯನ್ನು ನಾನು ಒಪ್ಪಲಾರೆ. ದಿನವೂ ಸೀರೆ ಉಟ್ಟು, ಲುಂಗಿ ಉಟ್ಟು ಗದ್ದೆಗೆ ಹೋಗುವ ಜನ ಅವರು. ಜಮೈಕದ ಹೆಂಗಸು ತನ್ನ ಉಡುಪನ್ನು ತಾನೇ ಕತ್ತರಿಸಿಕೊಂಡು ಅಂಗಳಕ್ಕೆ ಬಂದಳು. ನಮ್ಮ ಸಿದ್ದಿಯ ವೇಷವನ್ನು ನೋಡುವವರು ಗೊತ್ತು ಮಾಡುತ್ತಿದ್ದಾರೆ. ಎರಡು ಕಡಲಿನ ಕಥೆಗಳಲ್ಲಿ ನನಗೆ ಕಾಣುವ ದೊಡ್ಡ ಅಂತರ ಇದೇ. ತಾಳ ಅಲ್ಲೂ ಇತ್ತು, ಇಲ್ಲೂ ಇದೆ. ತನ್ನ ತಾಳಕ್ಕೆ ತಾನೇ ಒಡೆಯನಾಗುವ ಅವಕಾಶ ಅಲ್ಲಿ ಸಿಕ್ಕಿತು. ಇಲ್ಲಿ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆಯೇ 2003ರವರೆಗೆ ಕಾಯಿತು. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಯರಿಗೆ ಅದು ಬಂದದ್ದು 2020ರಲ್ಲಿ. ಅದೇ ವರ್ಷ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು, ರಾಜ್ಯದ ಶಾಸನಸಭೆ ಪ್ರವೇಶಿಸಿದ ಮೊದಲ ಸಿದ್ದಿಯೆನಿಸಿದರು.

ನಮ್ಮ ಗೊರೂರು ರಾಮಸ್ವಾಮಿ ಅಯ್ಯಂಗಾರರು ಹೇಮಾವತಿಯ ದಂಡೆಯ ಹಳ್ಳಿಗರ ಬಾಯಲ್ಲಿದ್ದ ಹಾಡುಗಳನ್ನು, ಅವು ಇನ್ನೂ ಬಾಯಲ್ಲಿರುವಾಗಲೇ ಕೇಳಿ ಕಾಗದಕ್ಕೆ ಇಳಿಸಿದರು. ಅದರಿಂದ ಎಷ್ಟೋ ಹಾಡು ಉಳಿಯಿತು. ದಮಾಮಿಯ ಹಾಡಿಗೆ ಕಾಗದ ಸಾಲದು. ಅದರ ಸದ್ದನ್ನೇ ಹಿಡಿದಿಡಬೇಕು. ಸಿದ್ದಿಯರ ನೆಲೆಗಳಿಂದ ದೂರವಿಲ್ಲದ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಅಲ್ಲಿನ ಆಡಳಿತಗಾರರಲ್ಲಿ, ಅಧ್ಯಾಪಕರಲ್ಲಿ ನನ್ನ ಬಿನ್ನಹ ಇಷ್ಟು: ಹಿರಿಯ ಸಿದ್ದಿ ಹೆಂಗಸರ ಹಾಡುಗಳನ್ನು ಊರೂರು ತಿರುಗಿ, ಒಳ್ಳೆಯ ಯಂತ್ರದಲ್ಲಿ, ಹಾಡಿದವರ ಹೆಸರು ಸಹಿತ ಧ್ವನಿಮುದ್ರಿಸಿಡಿ, ಧ್ವನಿಮುದ್ರಿಸುವ ಕೆಲಸವನ್ನು ಸಿದ್ದಿ ಯುವಕ ಯುವತಿಯರ ಕೈಗೇ ಕೊಡಿ, ಅದರಿಂದ ಬರುವ ಹಣ ಅವರ ಮನೆಗೇ ಸೇರಲಿ.